ನೋವು ಊರಲ್ಲಿ, ನೆರವು ನಗರದಲ್ಲಿ

ಗುಬ್ಬಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ನಾಟಕ. ಅಲ್ಲಿನ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಮುಂದೆ ಗುಬ್ಬಿ ವೀರಣ್ಣನವರ (1891–1972) ಕೈಯಲ್ಲಿ ಅದು ನಾಡಿನ ಮನೆಮಾತಾಯಿತು. ಆ ಕಾಲದ ವೃತ್ತಿ ರಂಗಭೂಮಿಯಲ್ಲಿ ಹೆಣ್ಣಿನ ಪಾತ್ರವನ್ನು ಕಟ್ಟುತ್ತಿದ್ದವರು ಬಹುಪಾಲು ಗಂಡಸರೇ. ತುಮಕೂರು ಸೀಮೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಮೂಡಲಪಾಯ ಯಕ್ಷಗಾನದಲ್ಲೂ ಸ್ತ್ರೀವೇಷ ಗಂಡಸರದ್ದೇ. ಸೀರೆಯುಟ್ಟು, ಜಡೆ ಹೆಣೆದು, ದನಿ ಇಳಿಸಿ ಅವರು ಆಡಿದ ಮಾತಿಗೆ ಜನ ಕಣ್ಣೊರೆಸಿಕೊಂಡರು, ಚಪ್ಪಾಳೆ ತಟ್ಟಿದರು. ವೇಷ ಚೆನ್ನಾಗಿ ಕಟ್ಟಿದವನಿಗೆ ಊರಿನಲ್ಲಿ ಮರ್ಯಾದೆ ಇತ್ತು.

ಬೆಳಗಾದ ಮೇಲೆ ಅದೇ ಊರಿನ ಬೀದಿಯಲ್ಲಿ ನಡಿಗೆ ಕೊಂಚ ಮೆತ್ತಗಿರುವ, ಮಾತಿನಲ್ಲಿ ಬಳುಕಿರುವ ಹುಡುಗನೊಬ್ಬ ಶಾಲೆಗೆ ಹೊರಟರೆ ಹಿಂದಿನಿಂದ ಬೀಳುವ ಕೂಗೇ ಬೇರೆ. ‘ಹೆಣ್ಣಿಗ’, ‘ಒಂಬತ್ತು’, ‘ಚಕ್ಕಾ’ ಎಂದು ಕನ್ನಡ ಶಾಲೆಯ ಅಂಗಳದಲ್ಲಿ ಕೂಗುತ್ತಾರೆ. ‘ಜನಾನಾ’, ‘ಹಿಜ್ಡಾ’ ಎಂದು ಉರ್ದು ಶಾಲೆಯ ಅಂಗಳದಲ್ಲಿ. ಎರಡೂ ಅಂಗಳಗಳಲ್ಲಿ ಓದಿದ ನಮ್ಮಂಥವರಿಗೆ ಭಾಷೆ ಬದಲಾದರೂ ಬಯ್ಗುಳದ ಗುರಿ ಬದಲಾಗುವುದಿಲ್ಲ ಎಂಬುದು ಗೊತ್ತು. ಹುಡುಗಿಯಾದರೆ ‘ಗಂಡುಬೀರಿ’ ಎಂಬ ಒಂದು ಮಾತಿನಲ್ಲಿ ಕೆಲಸ ಮುಗಿಯುತ್ತದೆ.

ಇಂಥ ಮಕ್ಕಳಿಗೆ, ಮುಂದೆ ಅವರೇ ಆಗುವ ಗಂಡಸರು ಹೆಂಗಸರಿಗೆ, ನಾಡಿನಲ್ಲಿ ನೆರವು ಹೇಗೆ ಹುಟ್ಟಿತು, ಎಲ್ಲಿ ಹುಟ್ಟಿತು, ತುಮಕೂರು, ಗುಬ್ಬಿ, ಕುಣಿಗಲ್‌ಗಳಂಥ ಊರುಗಳ ತನಕ ಅದು ಬಂದು ಮುಟ್ಟಿತೇ ಎಂಬ ಪ್ರಶ್ನೆಯನ್ನು ನಾವಿಲ್ಲಿ ಎತ್ತಿಕೊಂಡಿದ್ದೇವೆ. ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಹುಟ್ಟಿನ ಲಿಂಗ ತನ್ನದಲ್ಲ ಎನ್ನುವವರು, ಗಂಡೆಂದೂ ಹೆಣ್ಣೆಂದೂ ಹೇಳಲಾಗದ ದೇಹದಲ್ಲಿ ಹುಟ್ಟಿದವರು, ಇವರೆಲ್ಲರನ್ನೂ ಕನ್ನಡದಲ್ಲಿ ‘ಲೈಂಗಿಕ ಅಲ್ಪಸಂಖ್ಯಾತರು’ ಎಂದು ಕರೆಯುವ ರೂಢಿ ಬಂದಿದೆ. ಅಲ್ಪಸಂಖ್ಯಾತ ಎಂಬ ಪದದ ಭಾರ ಎಷ್ಟೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವೇಷಕ್ಕೆ ಜಾಗ, ಮನುಷ್ಯನಿಗಿಲ್ಲ

ಹಳೆಯ ಸಮಾಜ ಇವರನ್ನು ಕಂಡೇ ಇರಲಿಲ್ಲ ಎನ್ನುವುದು ಸುಳ್ಳು. ಕಂಡಿತ್ತು, ಒಂದಿಷ್ಟು ಜಾಗವನ್ನೂ ಕೊಟ್ಟಿತ್ತು. ಆದರೆ ಆ ಜಾಗಕ್ಕೆ ಬೇಲಿ ಇತ್ತು. ಮರಾಠಿ ರಂಗಭೂಮಿಯ ಬಾಲಗಂಧರ್ವರ (1888–1967) ಸೀರೆಯ ಸೊಗಸನ್ನು ಮನೆಯ ಹೆಂಗಸರು ಅನುಕರಿಸುತ್ತಿದ್ದರು. ಅದು ರಂಗದ ಮೇಲೆ. 17ನೆಯ ಶತಮಾನದ ಬಿಜಾಪುರದಲ್ಲಿ ಹಾಶ್ಮಿ ಎಂಬ ದಖನಿ ಕವಿ ಹೆಣ್ಣಿನ ದನಿಯಲ್ಲಿ ಗಜಲ್ ಬರೆದ. ಮುಂದೆ ಉರ್ದುವಿನಲ್ಲಿ ‘ರೇಖ್ತಿ’ ಎಂಬ ಪ್ರಕಾರವೇ ಬೆಳೆಯಿತು. ಅದು ಕಾವ್ಯದಲ್ಲಿ. ಸವದತ್ತಿ ಎಲ್ಲಮ್ಮನ ಪರಂಪರೆಯಲ್ಲಿ ಜೋಗಪ್ಪಂದಿರು ಸೀರೆಯುಟ್ಟು ಕೊಡ ಹೊತ್ತರು. ಅದು ದೇವಿಯ ಹೆಸರಿನಲ್ಲಿ.

ಅರಮನೆಗಳಲ್ಲಿ ಖ್ವಾಜಾಸರಾಗಳಿದ್ದರು. ಅಲಾವುದ್ದೀನ್ ಖಿಲ್ಜಿಯ ದಂಡನಾಯಕನಾಗಿ 1311ರಲ್ಲಿ ಹೊಯ್ಸಳರ ದೋರಸಮುದ್ರಕ್ಕೆ ದಂಡು ತಂದ ಮಲಿಕ್ ಕಾಫೂರ್ ಅಂಥವನು. ಅಕ್ಬರನ ಕಾಲದಲ್ಲಿ ಕಂದಾಯದ ಲೆಕ್ಕವನ್ನು ಹದಕ್ಕೆ ತಂದ ಇತಿಮಾದ್ ಖಾನ್ ಕೂಡ ಅಂಥವನು. ಇದನ್ನು ಹಿಂದಿನವರ ಔದಾರ್ಯ ಎಂದು ಕೊಂಡಾಡುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಗುಲಾಮನಾಗಿ ಮಾರಲ್ಪಟ್ಟ ಹುಡುಗನ ದೇಹವನ್ನು ಕತ್ತರಿಸಿ, ಆಮೇಲೆ ಕೊಟ್ಟ ಅಧಿಕಾರ ಅದು. ರಂಗವಾಗಲಿ, ಗುಡಿಯಾಗಲಿ, ಅರಮನೆಯಾಗಲಿ, ಕೊಟ್ಟದ್ದು ಒಂದು ಪಾತ್ರವನ್ನು. ಪಾತ್ರ ಕಳಚಿಟ್ಟ ಮೇಲೆ ಮನೆಯಲ್ಲಿ, ಬೀದಿಯಲ್ಲಿ, ಪಾಠಶಾಲೆಯಲ್ಲಿ ಬದುಕುವುದು ಹೇಗೆ ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ.

ಈ ವಿಷಯದಲ್ಲಿ ನಮ್ಮ ಫಿಕ್ಹ್ ಶಾಸ್ತ್ರದ ಒಂದು ಸಂಗತಿ ಹಲವರಿಗೆ ತಿಳಿದಿಲ್ಲ. ಹನಫೀ ಪಂಥದ ಪ್ರಸಿದ್ಧ ಗ್ರಂಥ ‘ಹಿದಾಯಾ’ 12ನೆಯ ಶತಮಾನದ್ದು. ಅದರ ಕೊನೆಯ ಭಾಗದಲ್ಲಿ ‘ಖುನ್‌ಸಾ’ ಎಂಬ ಅಧ್ಯಾಯವಿದೆ. ಗಂಡೋ ಹೆಣ್ಣೋ ಎಂದು ದೇಹದ ಲಕ್ಷಣದಿಂದ ನಿರ್ಧರಿಸಲಾಗದವರು ಖುನ್‌ಸಾಗಳು. ಅವರು ನಮಾಜಿನ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು, ಆಸ್ತಿಯಲ್ಲಿ ಅವರ ಪಾಲೆಷ್ಟು, ತೀರಿಕೊಂಡರೆ ಕಫನ್ ಹೇಗೆ ಎಂದೆಲ್ಲ ಅಲ್ಲಿ ಚರ್ಚೆಯಿದೆ. ಗಂಡಸರ ಸಾಲು ಮತ್ತು ಹೆಂಗಸರ ಸಾಲುಗಳ ನಡುವೆ ಅವರ ಜಾಗವನ್ನು ಗುರುತಿಸಲಾಗಿದೆ. ಇಂದಿನ ಎಲ್ಲ ಪ್ರಶ್ನೆಗಳಿಗೂ ಅದು ಉತ್ತರವಲ್ಲ. ದೇಹದ ಮಾತು ಬೇರೆ, ಮನಸ್ಸಿನ ಒಲವಿನ ಮಾತು ಬೇರೆ ಎಂದು ಉಲೆಮಾಗಳು ಹೇಳುತ್ತಾರೆ. ಆದರೂ ಒಂದು ಮಾತು ಗಮನಿಸಬೇಕು. ಆ ಪಂಡಿತರು ‘ಇವರನ್ನು ಮಸೀದಿಯಿಂದ ಹೊರಗೆ ಹಾಕಿ’ ಎಂಬಲ್ಲಿಂದ ಚರ್ಚೆ ಶುರು ಮಾಡಲಿಲ್ಲ, ‘ಎಲ್ಲಿ ನಿಲ್ಲಿಸೋಣ’ ಎಂಬಲ್ಲಿಂದ ಶುರು ಮಾಡಿದರು.

ದಫ್ತರಿಗೆ ಸೇರಿದ ಹೆಸರು

ಬ್ರಿಟಿಷರು ಬಂದ ಮೇಲೆ ಬೇಲಿಯ ಜಾಗದಲ್ಲಿ ಕಾನೂನು ಎದ್ದಿತು. 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ‘ನಿಸರ್ಗಕ್ಕೆ ವಿರುದ್ಧವಾದ’ ಸಂಬಂಧಕ್ಕೆ ಜೀವಾವಧಿಯವರೆಗೂ ಶಿಕ್ಷೆ ಇಟ್ಟಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹಲವು ಅಲೆಮಾರಿ ಸಮುದಾಯಗಳನ್ನು ಹುಟ್ಟು ಕಳ್ಳರೆಂದು ಘೋಷಿಸಿದ್ದು ನಮಗೆಲ್ಲ ಗೊತ್ತು. ಅದರ ಎರಡನೆಯ ಭಾಗ ಹಿಜಡಾಗಳ ಮೇಲಿತ್ತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಉತ್ತರದ ಪ್ರಾಂತಗಳಲ್ಲಿ ಜಾರಿಯಾದ ಆ ಭಾಗದ ಪ್ರಕಾರ ಅವರ ಹೆಸರು, ಮನೆ, ಆಸ್ತಿ ಎಲ್ಲ ಪೊಲೀಸರ ದಫ್ತರಿಗೆ ಸೇರಬೇಕು. ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಹಾಡಿ ಕುಣಿದರೆ ಎರಡು ವರ್ಷದವರೆಗೆ ಜೈಲು. ದತ್ತು ಪಡೆಯುವಂತಿಲ್ಲ, ಉಯಿಲು ಬರೆಯುವಂತಿಲ್ಲ. 1919ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನವೂ ಇದೇ ಬಗೆಯ ಕಾಯ್ದೆ ಮಾಡಿತು. ತೆಲಂಗಾಣದಲ್ಲಿ ಉಳಿದಿದ್ದ ಆ ಕಾಯ್ದೆಯನ್ನು ಅಲ್ಲಿನ ಹೈಕೋರ್ಟು ರದ್ದು ಮಾಡಿದ್ದು 2023ರಲ್ಲಿ.

ಇದು ದೂರದ ಕತೆ ಎಂದುಕೊಳ್ಳುವಂತಿಲ್ಲ. 2011ರಲ್ಲಿ ಕರ್ನಾಟಕ ಸರಕಾರ 1963ರ ಪೊಲೀಸ್ ಕಾಯ್ದೆಗೆ ‘36ಎ’ ಎಂಬ ಹೊಸ ಕಲಮು ಸೇರಿಸಿತು. ಹಿಜಡಾಗಳ ಮೇಲೆ ಗುಮಾನಿ ಬಂದರೆ ಅವರ ಹೆಸರು, ವಾಸಸ್ಥಳಗಳ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟ ಕಲಮು ಅದು. ಬ್ರಿಟಿಷರು ಹೋಗಿ 60 ವರ್ಷ ಕಳೆದ ಮೇಲೆ, 1871ರ ಬುದ್ಧಿ ಮತ್ತೆ ನಮ್ಮ ಶಾಸನಸಭೆಯಲ್ಲಿ ಎದ್ದು ಕುಳಿತಿತು. ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿಗೆ ಹೋಯಿತು. 2016ರಲ್ಲಿ ತಿದ್ದುಪಡಿಯಾಗಿ ಆ ಸಮುದಾಯವನ್ನು ಹೆಸರಿಸುವ ಪದವನ್ನು ಕಲಮಿನಿಂದ ತೆಗೆಯಲಾಯಿತು. ಒಂದು ಸಮುದಾಯದಲ್ಲಿ ಹುಟ್ಟಿದ್ದಕ್ಕೇ ಗುಮಾನಿಗೆ ಗುರಿಯಾಗುವುದು ಎಂದರೇನು ಎಂಬ ಅನುಭವ ನಮ್ಮ ಮೊಹಲ್ಲಾಗಳಿಗೂ ಇದೆ. ಹಾಗಿದ್ದೂ ಈ ಕಲಮಿನ ವಿರುದ್ಧ ಹೋರಾಟ ನಡೆದ ಐದು ವರ್ಷ ನಮ್ಮ ಸಂಘಟನೆಗಳ ದನಿ ಅದರಲ್ಲಿ ಸೇರಿದ್ದು ತೀರ ಕಡಿಮೆ.

ಬೆಂಗಳೂರಿನ ಕೋಣೆ, ಕುಣಿಗಲ್ಲಿನ ಎಸ್‌ಟಿಡಿ ಬೂತು

ನೆರವಿನ ಮೊದಲ ಬಾಗಿಲು ತೆರೆದದ್ದು ಬೆಂಗಳೂರಿನಲ್ಲಿ. 1994ರಲ್ಲಿ ‘ಗುಡ್ ಆ್ಯಸ್ ಯು’ ಎಂಬ ಸಣ್ಣ ಗುಂಪು ಅಲ್ಲಿ ಕೂಡತೊಡಗಿತು. ಭಾಷಣವಿಲ್ಲ, ಬ್ಯಾನರಿಲ್ಲ. ಒಂದು ಕೋಣೆಯಲ್ಲಿ ಕುಳಿತು ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುವುದು, ಅಷ್ಟೆ. ಬಂದವರು ಹೆಚ್ಚಾಗಿ ಇಂಗ್ಲಿಷ್ ಬಲ್ಲವರು, ನೌಕರಿಯಲ್ಲಿದ್ದವರು. 1999ರಲ್ಲಿ ‘ಸಂಗಮ’ ಹುಟ್ಟಿತು. ಪುಸ್ತಕ, ಪತ್ರಿಕಾ ತುಣುಕುಗಳನ್ನು ಕೂಡಿಡುವ ಕೇಂದ್ರವಾಗಿ ಶುರುವಾದ ಅದು ಬಹಳ ಬೇಗ ಬೀದಿಗೆ ಇಳಿಯಿತು. ಬಡವರು, ಕನ್ನಡ, ತಮಿಳು, ದಖನಿ ಮಾತಾಡುವವರು, ಹಿಜಡಾಗಳು, ಕೋತಿಗಳು, ಬೀದಿಯಲ್ಲಿ ಪೊಲೀಸರ ಲಾಠಿ ತಿಂದವರು ಅಲ್ಲಿಗೆ ಬಂದರು. ಅದೇ ಕಾಲದಲ್ಲಿ ಹುಟ್ಟಿದ ‘ಸ್ವಭಾವ’ ಸಂಸ್ಥೆ ‘ಸಹಾಯ’ ಎಂಬ ದೂರವಾಣಿ ಸಲಹಾ ಕೇಂದ್ರ ನಡೆಸಿತು. ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳಿಗಾಗಿ, ಗಂಡಾಗಿ ಬದುಕಬಯಸುವವರಿಗಾಗಿ ‘ಲೆಸ್‌ಬಿಟ್’ ಎಂಬ ಗುಂಪು ಆಮೇಲೆ ಬಂತು.

ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಒಂದು, 2003ರಲ್ಲಿ ಇನ್ನೊಂದು ವರದಿ ಹೊರತಂದಿತು. ಪೊಲೀಸರ ಹಿಂಸೆ, ಮನೆಯವರ ಹಿಂಸೆ, ‘ಗುಣಪಡಿಸುತ್ತೇವೆ’ ಎಂದು ಕರೆಂಟು ಕೊಡುವ ವೈದ್ಯರ ಹಿಂಸೆ, ಎಲ್ಲವೂ ಅಲ್ಲಿ ದಾಖಲಾದವು. ನಾಡಿನ ಮಾನವ ಹಕ್ಕುಗಳ ಚಳವಳಿ ಇದನ್ನು ತನ್ನದೇ ವಿಷಯ ಎಂದು ಒಪ್ಪಿಕೊಂಡದ್ದು ಆಗ. ಅಲ್ಲಿಯವರೆಗೆ ದಲಿತ, ರೈತ, ಮಹಿಳಾ ಚಳವಳಿಗಳ ಗೆಳೆಯರಲ್ಲೂ ಹಲವರಿಗೆ ಇದು ಪಟ್ಟಣದ ಉಳ್ಳವರ ಶೋಕಿಯಾಗಿ ಕಂಡಿತ್ತು.

ಇವೆಲ್ಲ ನಡೆದದ್ದು ತುಮಕೂರಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿ. ಕುಣಿಗಲ್‌ನಿಂದಲೂ ಹೆಚ್ಚುಕಡಿಮೆ ಅಷ್ಟೇ. ಗುಬ್ಬಿಯಿಂದ ಇನ್ನೂ 20 ಸೇರಿಸಬೇಕು. ಬಸ್ಸಿಗೆ ಎರಡು ಗಂಟೆಯ ದಾರಿ. ಆದರೆ 2000ದ ಸುಮಾರಿಗೆ ಕುಣಿಗಲ್ಲಿನ ಹದಿನೇಳರ ಹುಡುಗನೊಬ್ಬ ಆ ದೂರವಾಣಿಗೆ ಕರೆ ಮಾಡಬೇಕೆಂದುಕೊಳ್ಳಿ. ಮನೆಯಲ್ಲಿ ಫೋನಿಲ್ಲ. ಇದ್ದರೂ ಅದು ನಡುಮನೆಯಲ್ಲಿ, ಅಪ್ಪನ ಕುರ್ಚಿಯ ಪಕ್ಕದಲ್ಲಿ. ಬಸ್ ನಿಲ್ದಾಣದ ಎಸ್‌ಟಿಡಿ ಬೂತಿಗೆ ಹೋದರೆ ಗಾಜಿನ ಬಾಗಿಲ ಆಚೆ ಪರಿಚಯದವರು ಸರದಿಗೆ ನಿಂತಿರುತ್ತಾರೆ. ಮೀಟರು ಓಡುತ್ತಿರುತ್ತದೆ. ಆ ಸಂಖ್ಯೆ ಅವನಿಗೆ ಸಿಗುವುದಾದರೂ ಎಲ್ಲಿಂದ? ಅದು ಅಚ್ಚಾಗುತ್ತಿದ್ದದ್ದು ಹೆಚ್ಚಾಗಿ ಇಂಗ್ಲಿಷ್ ಪತ್ರಿಕೆಗಳಲ್ಲಿ. ಹೀಗೆ ನೋವು ಊರಲ್ಲೇ ಉಳಿಯಿತು, ನೆರವು ನಗರದಲ್ಲೇ ಉಳಿಯಿತು. ಕೆಲವರು ಊರು ಬಿಟ್ಟು ನೆರವಿನ ಕಡೆಗೆ ಹೋದರು. ಹಾಗೆ ಹೋದವರಲ್ಲಿ ಎಷ್ಟೋ ಮಂದಿಗೆ ಬೆಂಗಳೂರಿನಲ್ಲಿ ಮೊದಲು ಎದುರಾದದ್ದು ಸಿಗ್ನಲ್ಲಿನ ಭಿಕ್ಷೆ, ರಾತ್ರಿಯ ದಂಧೆ, ಪೊಲೀಸ್ ಠಾಣೆ. ಸಹಾಯದ ಕೋಣೆ ಸಿಕ್ಕಿದ್ದು ಆಮೇಲೆ.

ಜಿಲ್ಲೆಗಳಿಗೆ ನೆರವು ಮೊದಲು ಇಳಿದದ್ದು ಏಡ್ಸ್ ತಡೆಯ ಯೋಜನೆಗಳ ಬೆನ್ನೇರಿ. 2003ರ ನಂತರ ದೊಡ್ಡ ಮೊತ್ತದ ಹಣ ರಾಜ್ಯಕ್ಕೆ ಬಂತು, ಜಿಲ್ಲಾ ಕೇಂದ್ರಗಳಲ್ಲಿ ಕಚೇರಿಗಳಾದವು. ಇದರಿಂದ ಒಳ್ಳೆಯದಾಗಿಲ್ಲ ಎನ್ನುವಂತಿಲ್ಲ. ಜನ ಒಬ್ಬರನ್ನೊಬ್ಬರು ಕಂಡುಕೊಂಡರು, ಆಸ್ಪತ್ರೆಯಲ್ಲಿ ಮಾತಾಡಲು ಧೈರ್ಯ ಬಂತು. ಆದರೆ ಅಲ್ಲಿ ಬಂದವನನ್ನು ರೋಗದ ಅಪಾಯವೆಂದು ಎಣಿಸಿದ್ದೇ ಹೆಚ್ಚು. ಶಾಲೆಯಲ್ಲಿ ಪೆಟ್ಟು ತಿನ್ನುವ ಹದಿಮೂರರ ಹುಡುಗ ಆ ಎಣಿಕೆಗೆ ಬರಲೇ ಇಲ್ಲ. ಹದಿನಾಲ್ಕರ ಹುಡುಗಿಯಂತೂ ಯಾವ ಎಣಿಕೆಗೂ ಬರಲಿಲ್ಲ. ‘ಗಂಡುಬೀರಿ’ ಎನಿಸಿಕೊಂಡವಳಿಗೆ ನಮ್ಮ ಊರುಗಳಲ್ಲಿ ಗೊತ್ತಿದ್ದ ಒಂದೇ ಮದ್ದು ಬೇಗ ಮದುವೆ.

ಕಾನೂನು ಬಂದ ದಾರಿ

ಮುಂದಿನ ಹತ್ತು ವರ್ಷ ಕಾನೂನಿನ ಏರಿಳಿತದ ಕಾಲ. 2009ರಲ್ಲಿ ದೆಹಲಿ ಹೈಕೋರ್ಟು 377ರ ಹಲ್ಲು ಕಿತ್ತಿತು. 2013ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. 2014ರ ಏಪ್ರಿಲ್ 15ರಂದು ಅದೇ ಸುಪ್ರೀಂ ಕೋರ್ಟು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಅರ್ಜಿಯ ಮೇಲೆ, ತಾನು ಗಂಡೋ ಹೆಣ್ಣೋ ಮೂರನೆಯವರೋ ಎಂದು ಹೇಳಿಕೊಳ್ಳುವ ಹಕ್ಕು ಆಯಾ ಮನುಷ್ಯರದ್ದು ಎಂದಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧವನ್ನು 377ರಿಂದ ಹೊರಗಿಟ್ಟಿತು. 2024ರ ಜುಲೈನಲ್ಲಿ ಬಂದ ಹೊಸ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಸಲಿಂಗ ಮದುವೆಗೆ ಕಾನೂನಿನ ಮನ್ನಣೆ ಬೇಕೆಂಬ ಕೇಳಿಕೆಯನ್ನು ಮಾತ್ರ 2023ರ ಅಕ್ಟೋಬರ್‌ನಲ್ಲಿ ಕೋರ್ಟು ಒಪ್ಪಲಿಲ್ಲ.

ಕರ್ನಾಟಕ ಇದರಲ್ಲಿ ಹಿಂದೆ ಬಿದ್ದಿಲ್ಲ. 2013ರಲ್ಲಿ ‘ಮೈತ್ರಿ’ ಮಾಸಾಶನ ಬಂತು, ಆಗ ತಿಂಗಳಿಗೆ 500 ರೂಪಾಯಿ. 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ರಾಜ್ಯ ನೀತಿಗೆ ಸಂಪುಟ ಒಪ್ಪಿಗೆ ಕೊಟ್ಟಿತು. 2021ರಲ್ಲಿ ಸರಕಾರಿ ನೇಮಕದಲ್ಲಿ ಶೇಕಡಾ 1ರ ಮೀಸಲಾತಿ ಬಂತು, ದೇಶದಲ್ಲೇ ಮೊದಲು. ಅದರ ಹಿಂದೆ ಸಂಗಮ ಹೈಕೋರ್ಟಿನಲ್ಲಿ ನಡೆಸಿದ ಹೋರಾಟವಿದೆ. 2022ರಲ್ಲಿ ಮೂವರು ಪ್ರಾಥಮಿಕ ಶಾಲಾ ಶಿಕ್ಷಕ ಹುದ್ದೆಗೆ ಆಯ್ಕೆಯಾದರು. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆಯ ಉಚಿತ ಬಸ್ಸು ಹೆಂಗಸರ ಜತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಸಿಕ್ಕಿತು. ಜೋಗತಿ ಮಂಜಮ್ಮ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅಕ್ಕೈ ಪದ್ಮಶಾಲಿಯವರಿಗೆ 2015ರಲ್ಲೇ ರಾಜ್ಯೋತ್ಸವ ಪ್ರಶಸ್ತಿ ಬಂದಿತ್ತು. ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿ ಕನ್ನಡಕ್ಕೆ ತಂದರು. ಅದು ‘ಬದುಕು ಬಯಲು’ ಎಂಬ ಹೆಸರಿನಲ್ಲಿ ರಂಗಕ್ಕೂ ಏರಿತು. ಗಂಡಸರು ಹೆಣ್ಣಿನ ವೇಷ ಕಟ್ಟಿದ ರಂಗದ ಮೇಲೆ, ವೇಷವಲ್ಲದ ಬದುಕೊಂದು ಬಂದು ನಿಲ್ಲಲು ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ದೂರದ ಲೆಕ್ಕದಲ್ಲಿ ಇವುಗಳೊಳಗೆ ಮುಖ್ಯವಾದದ್ದು ಸಂಸತ್ತು 2019ರಲ್ಲಿ ಮಾಡಿದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆ. ಅದರಲ್ಲಿ ಕುಂದುಗಳಿವೆ ಎಂದು ಸಮುದಾಯದವರೇ ಬೀದಿಗಿಳಿದು ಹೇಳಿದರು. ಅವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೂ ಅಲ್ಲಿ ಇಟ್ಟ ಗರಿಷ್ಠ ಶಿಕ್ಷೆ ಎರಡು ವರ್ಷ ಎಂಬುದು ಅವರ ದೂರುಗಳಲ್ಲೊಂದು. ಆದರೆ ಗುರುತಿನ ಪತ್ರ ಕೊಡುವ ಅಧಿಕಾರವನ್ನು ಆ ಕಾಯ್ದೆ ಜಿಲ್ಲಾಧಿಕಾರಿಗೆ ಕೊಟ್ಟಿತು. ಹಾಗೆಂದರೆ ಗುಬ್ಬಿಯವರೂ ಕುಣಿಗಲ್ಲಿನವರೂ ತಮ್ಮ ಹೆಸರಿಗಾಗಿ ಬೆಂಗಳೂರಿಗೆ ಹೋಗಬೇಕಿಲ್ಲ, ತುಮಕೂರಿಗೆ ಬಂದರೆ ಸಾಕು. 1871ರಲ್ಲಿ ಹೆಸರು ಬರೆದುಕೊಂಡವರು ಪೊಲೀಸರು, ಹಿಡಿಯಲೆಂದು. ಈಗ ಹೆಸರು ಬರೆಸಲು ಹೋಗುವವರು ಅವರೇ, ಪಡಿತರ ಚೀಟಿಗೆ, ಓದಿಗೆ, ನೌಕರಿಗೆ.

2011ರ ಜನಗಣತಿ ಗಂಡು, ಹೆಣ್ಣುಗಳ ಜತೆಗೆ ‘ಇತರೆ’ ಎಂಬ ಅಂಕಣದಲ್ಲೂ ಎಣಿಸಿತು. ದೇಶದಲ್ಲಿ ಸುಮಾರು 4.88 ಲಕ್ಷ, ಕರ್ನಾಟಕದಲ್ಲಿ 20,266 ಎಂದು ಲೆಕ್ಕ ಬಂತು. ನಿಜ ಸಂಖ್ಯೆ ಇದಕ್ಕಿಂತ ಹೆಚ್ಚು ಎಂಬುದರಲ್ಲಿ ಅನುಮಾನವಿಲ್ಲ. ಆ ಅಂಕಣದವರಲ್ಲಿ ಅಕ್ಷರ ಬಲ್ಲವರು ಶೇಕಡಾ 56, ದೇಶದ ಒಟ್ಟು ಸರಾಸರಿ 74. ನಡುವಿನ ಆ 18 ಎಲ್ಲಿ ಕಳೆದುಹೋಯಿತು ಎಂದು ಹುಡುಕಿಕೊಂಡು ಹೊರಟರೆ ನಾವು ತಲುಪುವುದು ಶಾಲೆಯ ಬಾಗಿಲಿಗೆ.

ಶಾಲೆಯ ಅಂಗಳ

ನೆರೆಯ ತಮಿಳುನಾಡಿನಲ್ಲಿ ನಡೆಸಿದ ಅಧ್ಯಯನವೊಂದನ್ನು ಯುನೆಸ್ಕೋ 2019ರಲ್ಲಿ ಪ್ರಕಟಿಸಿತು. ಮಾತಾಡಿಸಿದ ಲೈಂಗಿಕ ಅಲ್ಪಸಂಖ್ಯಾತ ಯುವಜನರಲ್ಲಿ ಶೇಕಡಾ 60 ಮಂದಿ ಮಾಧ್ಯಮಿಕ, ಪ್ರೌಢಶಾಲೆಯ ದಿನಗಳಲ್ಲಿ ಪೆಟ್ಟು ತಿಂದಿದ್ದರು. ಶಾಲೆಯವರಿಗೆ ದೂರು ಕೊಟ್ಟವರು ಶೇಕಡಾ 18 ಮಾತ್ರ. ಮೂರರಲ್ಲಿ ಒಬ್ಬರು ಓದು ಬಿಡಲು ಈ ಕಾಟವೇ ಮುಖ್ಯ ಕಾರಣವಾಗಿತ್ತು. ಹೊಸೂರಿನಲ್ಲಿ ಗಡಿ ದಾಟಿದೊಡನೆ ಮಕ್ಕಳ ನಾಲಿಗೆ ಬದಲಾಗುತ್ತದೆಂದು ನಂಬಲು ಕಾರಣವಿಲ್ಲ.

ಕಾನೂನು ಇಲ್ಲಿಯೂ ಇದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ವಿದ್ಯಾರ್ಥಿಗೆ ಅವಮಾನ, ಭಯ, ಬೆದರಿಕೆ ಉಂಟುಮಾಡುವ ಕೃತ್ಯವನ್ನು ರ‍್ಯಾಗಿಂಗ್ ಎಂದು ಕರೆದು ಒಂದು ವರ್ಷದವರೆಗೆ ಶಿಕ್ಷೆ ಇಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ಪೆಟ್ಟು ಕೊಡುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಯುಜಿಸಿ 2016ರಲ್ಲಿ ತನ್ನ ರ‍್ಯಾಗಿಂಗ್ ನಿಯಮಕ್ಕೆ ತಿದ್ದುಪಡಿ ತಂದು, ಜಾತಿ, ಧರ್ಮ, ಬಣ್ಣಗಳ ಸಾಲಿನಲ್ಲೇ ಲಿಂಗತ್ವ ಮತ್ತು ಲೈಂಗಿಕ ಒಲವಿನ ಕಾರಣಕ್ಕೆ ಮಾಡುವ ಕಾಟವನ್ನೂ ಸೇರಿಸಿತು. ನಮ್ಮ ಹುಡುಗನ ಗಡ್ಡವನ್ನೋ ಹುಡುಗಿಯ ತಲೆವಸ್ತ್ರವನ್ನೋ ಹಾಸ್ಯ ಮಾಡುವವನೂ, ಇನ್ನೊಬ್ಬನ ನಡಿಗೆಯನ್ನು ಹಾಸ್ಯ ಮಾಡುವವನೂ ಒಂದೇ ನಿಯಮದ ಕೆಳಗೆ ಬರುತ್ತಾರೆ. ನಮಗೆ ಬೇಕಾದ ರಕ್ಷಣೆ ಅವನಿಗೂ ಬೇಕು ಎಂದು ನಿಯಮವೇ ಹೇಳಿದೆ.

ಆದರೆ ಬರೆದದ್ದು ಉಳಿಯುವುದೂ ಕಷ್ಟ. 2021ರಲ್ಲಿ ಎನ್‌ಸಿಇಆರ್‌ಟಿ ಇಂಥ ಮಕ್ಕಳನ್ನು ಶಾಲೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಎಂದು ಶಿಕ್ಷಕರಿಗಾಗಿ ಕೈಪಿಡಿ ತಯಾರಿಸಿತು. ದೂರು ಬಂದ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಆತ್ಮಹತ್ಯೆಯ ಪ್ರಕರಣವೊಂದರಲ್ಲಿ ಶಿಕ್ಷಣ ಸಂಸ್ಥೆಗಳಿಗೆ 15 ಸೂಚನೆ ಕೊಟ್ಟಿತು. 100ಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರೆ ತರಬೇತಾದ ಸಲಹೆಗಾರರಿರಬೇಕು, ಸಹಾಯವಾಣಿಯ ಸಂಖ್ಯೆಯನ್ನು ತರಗತಿ, ಹಾಸ್ಟೆಲ್‌ಗಳಲ್ಲಿ ಕಾಣುವಂತೆ ಬರೆಯಬೇಕು, ದಲಿತ, ಆದಿವಾಸಿ, ಅಂಗವಿಕಲ, ಲೈಂಗಿಕ ಅಲ್ಪಸಂಖ್ಯಾತ ಮಕ್ಕಳೊಡನೆ ನಡೆದುಕೊಳ್ಳುವ ಬಗೆಯನ್ನು ಸಿಬ್ಬಂದಿಗೆ ಕಲಿಸಬೇಕು ಎಂದು ಅದರಲ್ಲಿತ್ತು. ತುಮಕೂರು ಹಾಸ್ಟೆಲ್‌ಗಳ ಊರು. ಸಿದ್ಧಗಂಗೆಯ ಅನ್ನ, ಅಕ್ಷರದ ನೆರಳಿನಲ್ಲಿ ಬೆಳೆದ ಊರು. ಹಳ್ಳಿಯಿಂದ ಬಂದು ಟ್ರಂಕು ಇಟ್ಟುಕೊಂಡು ಓದುವ ಮಕ್ಕಳು ಇಲ್ಲಿ ಸಾವಿರಾರು. ಆ ಸೂಚನೆ ಗೋಡೆಯ ಮೇಲೆ ಬಂದಿದೆಯೇ ಎಂದು ಪ್ರತಿ ಸಂಸ್ಥೆಯಲ್ಲೂ ಕೇಳುವ ಹಕ್ಕು ಪೋಷಕರಿಗಿದೆ. ನಮ್ಮ ಜಮಾಅತ್‌ಗಳು ನಡೆಸುವ ಶಾಲೆ, ಯತೀಂಖಾನೆಗಳನ್ನೂ ಕೇಳಬೇಕು.

ಮೊಹಲ್ಲಾದ ಪಾಲು

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಬರಲೇಬೇಕು. ‘ದೀನ್ ಒಪ್ಪದ್ದನ್ನು ನಾವು ಒಪ್ಪಬೇಕೆ?’ ಸಂಬಂಧಗಳ ವಿಷಯದಲ್ಲಿ ಉಲೆಮಾಗಳ ಬಹುಪಾಲು ಅಭಿಪ್ರಾಯ ಏನೆಂಬುದು ಎಲ್ಲರಿಗೂ ಗೊತ್ತಿದೆ. ಅದನ್ನು ಮುಚ್ಚಿಟ್ಟು ಮಾತಾಡುವುದು ಪ್ರಾಮಾಣಿಕವಲ್ಲ. ಅದೇ ಪ್ರಾಮಾಣಿಕತೆಯಿಂದ ಇನ್ನೊಂದನ್ನೂ ಹೇಳಬೇಕು. ಒಬ್ಬರನ್ನು ಹೀಯಾಳಿಸುವ, ಅಡ್ಡಹೆಸರಿಟ್ಟು ಕರೆಯುವ ವಿಷಯದಲ್ಲಿ ಉಲೆಮಾಗಳ ನಡುವೆ ಭಿನ್ನಾಭಿಪ್ರಾಯವೇ ಇಲ್ಲ. ಕುರ್‌ಆನಿನ ಸೂರಾ ಅಲ್ ಹುಜುರಾತ್‌ನ 11ನೆಯ ಆಯತ್ ಅದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಗಂಡಸರಿಗೊಮ್ಮೆ, ಹೆಂಗಸರಿಗೊಮ್ಮೆ ಬೇರೆ ಬೇರೆಯಾಗಿ ಎಚ್ಚರಿಸಿದೆ. ನೀವು ಹೀಯಾಳಿಸುವವರು ನಿಮಗಿಂತ ಉತ್ತಮರಿರಬಹುದು ಎಂದೂ ನೆನಪಿಸಿದೆ. ‘ಹಿಜ್ಡಾ’ ಎಂದು ಕೂಗುವವನಿಗೆ ದೀನಿನಲ್ಲಿ ಯಾವ ರಿಯಾಯಿತಿಯೂ ಇಲ್ಲ. ಮಗುವಿನ ಮೇಲೆ ಕೈ ಮಾಡುವ ಅಪ್ಪನಿಗೂ, ಮನೆಯಿಂದ ಹೊರಗೆ ಹಾಕುವ ಅಣ್ಣನಿಗೂ, ಸುಳ್ಳು ಹೇಳಿ ಇನ್ನೊಬ್ಬರ ಮಗಳನ್ನು ಕಟ್ಟಿ ಎರಡು ಬದುಕು ಕೆಡಿಸುವ ಹಿರಿಯರಿಗೂ ಇಲ್ಲ.

ಮುಸ್ಲಿಂ ಜಗತ್ತೇ ಈ ಪ್ರಶ್ನೆಯನ್ನು ಎದುರಿಸಿದೆ. ಇರಾನಿನಲ್ಲಿ ಆಯತುಲ್ಲಾ ಖುಮೈನಿ 1980ರ ದಶಕದಲ್ಲೇ ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಗೆ ಫತ್ವಾ ಮೂಲಕ ಅನುಮತಿ ಕೊಟ್ಟರು. ಪಾಕಿಸ್ತಾನದ ಸುಪ್ರೀಂ ಕೋರ್ಟು 2009ರಲ್ಲಿ ಖ್ವಾಜಾಸರಾಗಳ ಹಕ್ಕನ್ನು ಎತ್ತಿಹಿಡಿಯಿತು. 2018ರಲ್ಲಿ ಅಲ್ಲಿ ಕಾಯ್ದೆಯೂ ಆಯಿತು. 2023ರಲ್ಲಿ ಅದರ ಕೆಲವು ಭಾಗಗಳನ್ನು ಫೆಡರಲ್ ಶರೀಅತ್ ಕೋರ್ಟು ಒಪ್ಪಲಿಲ್ಲ. ಚರ್ಚೆ ಮುಗಿದಿಲ್ಲ, ಇಷ್ಟು ಬೇಗ ಮುಗಿಯುವಂಥದ್ದೂ ಅಲ್ಲ. ಚರ್ಚೆ ಮುಗಿಯುವವರೆಗೆ ಮಕ್ಕಳು ಪೆಟ್ಟು ತಿನ್ನುತ್ತಿರಲಿ ಎಂದು ಮಾತ್ರ ಯಾವ ಆಲಿಮರೂ ಹೇಳಲಾರರು.

ಈಗ ಏನಿದೆ, ಏನಿಲ್ಲ

ಕಷ್ಟದಲ್ಲಿರುವವರಿಗೆ ಇಂದು ಊರಲ್ಲೇ ಕುಳಿತು ತಲುಪಬಹುದಾದ ಬಾಗಿಲುಗಳಿವೆ. 14416 ‘ಟೆಲಿ ಮಾನಸ್’ ಸಂಖ್ಯೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು. ಇದರ ಬೆನ್ನೆಲುಬು ಬೆಂಗಳೂರಿನ ನಿಮ್ಹಾನ್ಸ್. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಲೈಂಗಿಕ ಒಲವಿನ ಕಾರಣಕ್ಕೆ ಯಾರಿಗೂ ಚಿಕಿತ್ಸೆಯಲ್ಲಿ ಭೇದ ಮಾಡುವಂತಿಲ್ಲ. 1098 ಮಕ್ಕಳ ಸಹಾಯವಾಣಿ, ಹದಿನೆಂಟರ ಒಳಗಿನವರು ಮನೆಯ ಹಿಂಸೆಯನ್ನೂ ಶಾಲೆಯ ಹಿಂಸೆಯನ್ನೂ ಹೇಳಿಕೊಳ್ಳಲು. ಕಾಲೇಜಿನ ರ‍್ಯಾಗಿಂಗ್‌ಗೆ ಯುಜಿಸಿಯ 1800-180-5522. ವಕೀಲರ ನೆರವಿಗೆ 15100. ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಲ್ಲಿನ ನ್ಯಾಯಾಲಯದಲ್ಲಿದೆ. ಗುಬ್ಬಿ, ಕುಣಿಗಲ್ ನ್ಯಾಯಾಲಯಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ಹೆಂಗಸರಿಗೆ, ಮಕ್ಕಳಿಗೆ ಅಲ್ಲಿ ವಕೀಲರ ಶುಲ್ಕವಿಲ್ಲ. ಗುರುತಿನ ಪತ್ರದ ನಿಯಮಗಳನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ ತಿಳಿದು ಅರ್ಜಿ ಹಾಕುವುದು ಒಳ್ಳೆಯದು.

1994ರ ಆ ಕೋಣೆಯಿಂದ ಲೆಕ್ಕ ಹಾಕಿದರೆ ನೆರವು ಬಹಳ ದಾರಿ ನಡೆದಿದೆ. ಬೆಂಗಳೂರಿನಿಂದ ತುಮಕೂರಿಗೆ ಬಂದಿದೆ, ತುಮಕೂರಿನಿಂದ ಕಿಸೆಯ ಮೊಬೈಲಿಗೆ ಬಂದಿದೆ. ಅದನ್ನು ತಂದವರು ಸರಕಾರಗಳಿಗಿಂತ ಹೆಚ್ಚಾಗಿ ಬೀದಿಯಲ್ಲಿ ಪೆಟ್ಟು ತಿಂದು ಕೋರ್ಟಿನ ಮೆಟ್ಟಿಲು ಹತ್ತಿದ ಆ ಜನರೇ. ಇನ್ನು ಉಳಿದಿರುವ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಲಾಗದು. ತರಗತಿಯ ಕೊನೆಯ ಬೆಂಚಿನಿಂದ ಮೇಷ್ಟರ ಮೇಜಿನವರೆಗೆ ಹತ್ತು ಹೆಜ್ಜೆ. ಮಲಗುವ ಕೋಣೆಯಿಂದ ಅಮ್ಮ ರೊಟ್ಟಿ ತಟ್ಟುವ ಅಡುಗೆಮನೆಗೆ ನಾಲ್ಕು ಹೆಜ್ಜೆ. ಮಸೀದಿಯ ಕೊನೆಯ ಸಾಲಿನಿಂದ ಇಮಾಮ್ ಸಾಹೇಬರ ಬಳಿಗೆ ಇನ್ನೊಂದಿಷ್ಟು. ಕಾನೂನಾಗಲಿ ಸಹಾಯವಾಣಿಯಾಗಲಿ ಆ ಹೆಜ್ಜೆಗಳನ್ನು ಮಗುವಿನ ಪರವಾಗಿ ಇಡಲಾರವು. ‘ಯಾರೋ ನನ್ನನ್ನು ಹೀಗೆ ಕರೆಯುತ್ತಾರೆ’ ಎಂದು ಮಗು ಬಂದು ಹೇಳಿದ ದಿನ ‘ನೀನೇಕೆ ಹಾಗೆ ನಡೀತೀಯ?’ ಎಂದು ಕೇಳದೆ, ‘ಕರೆದವರು ಯಾರು?’ ಎಂದು ಕೇಳುವ ಒಬ್ಬ ಮೇಷ್ಟರು, ಒಬ್ಬ ಅಮ್ಮ, ಒಬ್ಬ ಇಮಾಮರು ನಮ್ಮ ಗುಬ್ಬಿಯಲ್ಲೂ ಕುಣಿಗಲ್ಲಿನಲ್ಲೂ ಇರಬೇಕು.